ಟಾಂಗಾ ನಿಲ್ದಾಣದ ನೀರಿನ ತೊಟ್ಟಿಯನ್ನು ಮತ್ತೆ ಕಟ್ಟಿಸಿಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ವಂದನೆಗಳು.

ರಾಯಚೂರು ಜಿಲ್ಲೆಯ ನಮ್ಮ ಪಟ್ಟಣದಲ್ಲಿ ಮೂರು ತಲೆಮಾರಿನಿಂದ ಟಾಂಗಾ ಹೊಡೆದು ಬದುಕುತ್ತಿರುವ ಮನೆತನದವನು ನಾನು. ರಸ್ತೆ ಅಗಲ ಮಾಡುವಾಗ ಟಾಂಗಾ ನಿಲ್ದಾಣದ ಬೇವಿನ ಮರವನ್ನೂ ಅದರ ಬುಡದಲ್ಲಿದ್ದ ಕಲ್ಲಿನ ತೊಟ್ಟಿಯನ್ನೂ ತೆಗೆದುಹಾಕಿ ಈ ಬೇಸಿಗೆಗೆ ಆರು ವರ್ಷವಾಯಿತು. ಕಾಮಗಾರಿ ಮುಗಿದ ಕೂಡಲೇ ಬೇರೆ ತೊಟ್ಟಿ ಕಟ್ಟಿಸಿಕೊಡುತ್ತೇವೆ ಎಂದು ಅಂದು ಬಾಯಿಮಾತಿನಲ್ಲಿ ಹೇಳಿದ್ದರು. ನಾಲ್ಕು ಅರ್ಜಿ ಕೊಟ್ಟಿದ್ದೇನೆ, ನಾಲ್ಕರ ಸ್ವೀಕೃತಿ ಚೀಟಿಯೂ ನನ್ನ ಬಳಿ ಇವೆ. ತೊಟ್ಟಿ ಇನ್ನೂ ಬಂದಿಲ್ಲ. ನನ್ನ ಬೇಡಿಕೆ ಅದೊಂದೇ: ಆ ತೊಟ್ಟಿಯನ್ನೂ ಅದರ ಮೇಲೊಂದು ನೆರಳನ್ನೂ ನಮಗೆ ಕಟ್ಟಿಸಿಕೊಡಿ.

ಕಾನೂನು ತಮಗೆ ತಿಳಿದೇ ಇದೆ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳ ಪ್ರಕಾರ ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಕುದುರೆಯನ್ನು ಗಾಡಿಗೆ ಹೂಡುವಂತಿಲ್ಲ. ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸತೇನಲ್ಲ. ನಾವು ಆ ನಿಯಮವನ್ನು ಮನಸಾರೆ ಪಾಲಿಸುತ್ತೇವೆ, ಆ ಹೊತ್ತಿನ ಬಾಡಿಗೆ ಬಿಡುತ್ತೇವೆ, ಗಾಡಿ ಕಳಚಿ ಕುದುರೆಯನ್ನು ನಿಲ್ಲಿಸುತ್ತೇವೆ. ಆದರೆ ಎಲ್ಲಿ ನಿಲ್ಲಿಸಬೇಕು? ಸುಡುವ ಡಾಂಬರಿನ ಮೇಲೆ, ಹನಿ ನೀರಿಲ್ಲದ ಕಡೆ ಮೂರು ತಾಸು ನಿಲ್ಲಿಸಿದರೆ ಅದಕ್ಕೆ ವಿಶ್ರಾಂತಿ ಎನ್ನಲಾದೀತೇ?

ಸಾಮಾನ್ಯ ದಿನಗಳಲ್ಲೇ ಒಂದು ಕುದುರೆಗೆ ಇಪ್ಪತ್ತೈದರಿಂದ ನಲವತ್ತು ಲೀಟರ್ ನೀರು ಬೇಕು. ಬಿಸಿಲಲ್ಲಿ ಬೆವರಿ ದುಡಿಯುವ ಕುದುರೆಗೆ ಅದೂ ಸಾಲದು. ಒಣ ಮೇವು ತಿಂದು ನೀರು ಕಡಿಮೆಯಾದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಹೊಟ್ಟೆಶೂಲೆ ಬಂದರೆ ಅದರ ಪ್ರಾಣಕ್ಕೇ ಕುತ್ತು.

ಹೋದ ಮೇ ತಿಂಗಳಲ್ಲಿ ನಮ್ಮ ಹೆಣ್ಣು ಕುದುರೆ ಚಾಂದನಿಗೆ ಆದದ್ದೂ ಇದೇ. ನಾನು ತಂದಿದ್ದ ಎರಡು ಕೊಡ ನೀರು ಹನ್ನೊಂದಕ್ಕೇ ಮುಗಿದಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಮುಂಗಾಲಿನಿಂದ ನೆಲ ಕೆರೆಯತೊಡಗಿದಳು, ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಂಡಳು, ಆಮೇಲೆ ಅಲ್ಲೇ ರಸ್ತೆಯಲ್ಲಿ ಬಿದ್ದು ಹೊರಳಾಡಿದಳು. ತುಟಿ ಎತ್ತಿ ನೋಡಿದರೆ ಒಸಡು ಒಣಗಿ ಅಂಟಂಟಾಗಿತ್ತು. ಹೊಟ್ಟೆಗೆ ಕಿವಿಯಿಟ್ಟರೆ ಸದಾ ಕೇಳುವ ಗುಡುಗುಡು ಸದ್ದೇ ಇರಲಿಲ್ಲ. ಪಶು ಆಸ್ಪತ್ರೆಗೆ ನಡೆಸಿಕೊಂಡು ಹೋದೆ. ಅಲ್ಲಿನ ವೈದ್ಯರು ಒಳ್ಳೆಯವರು, ನೋವಿಗೆ ಸೂಜಿ ಹಾಕಿದರು. ಆದರೆ ಕುದುರೆಯ ಮೂಗಿನಿಂದ ಹೊಟ್ಟೆಗೆ ಇಳಿಸುವ ಉದ್ದನೆಯ ಕೊಳವೆ ಅವರ ಬಳಿ ಇರಲಿಲ್ಲ. ಮಲಗಿ ಹೊರಳಿದರೆ ಕರುಳು ತಿರುಚಿಕೊಂಡೀತು ಎಂದು ಇಡೀ ರಾತ್ರಿ ನಾನೂ ನನ್ನ ಮಗನೂ ಸರದಿಯ ಮೇಲೆ ಹಗ್ಗ ಹಿಡಿದು ಅವಳನ್ನು ಓಣಿಯಲ್ಲಿ ನಡೆಸಿದೆವು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅವಳು ಲದ್ದಿ ಹಾಕಿದಳು. ಐವತ್ತು ದಾಟಿದ ನಾನು ಆ ಲದ್ದಿಯ ಮುಂದೆ ನಿಂತು ಅತ್ತೆ.

ಮರುವಾರವೇ ನಾಲ್ಕನೆಯ ಅರ್ಜಿ ಹಿಡಿದು ಕಚೇರಿಗೆ ಹೋದೆ. ಮೇಜಿನ ಆಚೆ ಕುಳಿತವರು ಅದನ್ನು ತಿರುವಿ ನೋಡಿ, "ದನಕರುಗಳ ತೊಟ್ಟಿಗೆ ಯೋಜನೆ ಐತಿ, ಕುದುರಿಗೆ ಕಾಲಂ ಇಲ್ರಿ" ಎಂದರು. ಸ್ವಾಮಿ, 2019ರ ಜಾನುವಾರು ಗಣತಿಯಲ್ಲಿ ಕುದುರೆಗೆ ಕಾಲಂ ಇತ್ತು. 2012ರಲ್ಲಿ ದೇಶದಲ್ಲಿ ಆರು ಲಕ್ಷಕ್ಕೂ ಮಿಕ್ಕಿದ್ದ ಕುದುರೆಗಳು 2019ಕ್ಕೆ ಮೂರೂವರೆ ಲಕ್ಷದ ಒಳಗೆ ಬಂದವೆಂದು ಬರೆದವರು ಸರ್ಕಾರದವರೇ. ಎಣಿಸುವಾಗ ಕಾಣಿಸಿದ ಕುದುರೆ ನೀರು ಕೊಡುವಾಗ ಏಕೆ ಕಾಣಿಸುವುದಿಲ್ಲ? ಮಾತು ಕಟುವಾಯಿತೆಂದು ಗೊತ್ತಿದೆ, ಆದರೆ ಆರು ವರ್ಷ ಕಾದವನ ಬಾಯಲ್ಲಿ ಇದಕ್ಕಿಂತ ಮೆತ್ತನೆಯ ಮಾತು ಉಳಿದಿಲ್ಲ.

ಇದು ಕುದುರೆಯ ಬೆಲೆ ತಿಳಿಯದ ನಾಡೂ ಅಲ್ಲ. 1520ರ ರಾಯಚೂರು ಯುದ್ಧಕ್ಕೆ ನೆಪವಾದದ್ದೇ ಕುದುರೆ ಕೊಳ್ಳಲು ಕೃಷ್ಣದೇವರಾಯನು ಕೊಟ್ಟ ಹಣ. ಅದನ್ನು ಒಯ್ದವನು ಬಿಜಾಪುರದ ಸುಲ್ತಾನ ಆದಿಲ್‌ಶಾಹನ ಆಶ್ರಯ ಸೇರಿದನೆಂದು ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನ್ಯೂನಿಜ್ ಬರೆದಿಟ್ಟಿದ್ದಾನೆ. ಅಂಥ ಮಣ್ಣಿನಲ್ಲಿ ನಾನು ಕೇಳುತ್ತಿರುವುದು ಒಂದು ತೊಟ್ಟಿ, ಒಂದು ನಲ್ಲಿ, ನಾಲ್ಕು ಕಂಬದ ಒಂದು ಚಪ್ಪರ.

ಚಾಂದನಿಗೆ ನಾನು ಚಾಟಿ ಬೀಸಿ ಏನನ್ನೂ ಕಲಿಸಿಲ್ಲ. ಮರಿಯಾಗಿದ್ದಾಗಿನಿಂದ ಬೆಳಿಗ್ಗೆ ಮೊದಲು ಆ ತೊಟ್ಟಿಯಲ್ಲಿ ನೀರು ಕುಡಿಸಿ, ಮೈ ತಿಕ್ಕಿ, ಆಮೇಲೆಯೇ ಗಾಡಿಗೆ ಹೂಡುತ್ತಿದ್ದೆ. ಹಾಗಾಗಿ ಇವತ್ತಿಗೂ ಆ ಜಾಗ ಬಂದರೆ ಲಗಾಮು ಎಳೆಯದೆಯೇ ತಾನಾಗಿ ನಿಲ್ಲುತ್ತಾಳೆ. ತಲೆ ತಗ್ಗಿಸಿ ಡಾಂಬರನ್ನು ಮೂಸುತ್ತಾಳೆ, ತುಟಿ ಆಡಿಸುತ್ತಾಳೆ, ಕಿವಿ ಹಿಂದಕ್ಕೆ ತಿರುಗಿಸಿ ನನ್ನ ದನಿಗೆ ಕಾಯುತ್ತಾಳೆ. ಹಿಂದೆ ಸರತಿಯಲ್ಲಿ ಆಟೋದವರು ಹಾರ್ನ್ ಹೊಡೆಯುತ್ತಾರೆ. ನಾನು ಅವಳಿಗೆ "ನಡಿ ತಾಯಿ" ಎನ್ನಬೇಕಾಗುತ್ತದೆ.

ಮುಂದಿನ ಬೇಸಿಗೆ ಬರುವ ಮೊದಲು ಆ ತೊಟ್ಟಿಯನ್ನು ಕಟ್ಟಿಸಿಕೊಡಿ. ಜಾಗ ತೋರಿಸಲು ಯಾವ ದಿನ ಕರೆದರೂ ನಾನೂ ಚಾಂದನಿಯೂ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಟಾಂಗಾ ನಿಲ್ದಾಣದ ಒಬ್ಬ ಟಾಂಗಾವಾಲಾ