ಓಣಿಯ ವಾಟ್ಸ್ಯಾಪಿಗೆ ಹೋದ ರಿಪೋರ್ಟು: ಧಾರವಾಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಖಾಸಗಿ ಆಸ್ಪತ್ರೆ ಮತ್ತು ಲ್ಯಾಬುಗಳ ಮೇಲಿನ ದೂರು ಕೇಳುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರಾಗಿರುವುದರಿಂದ ಈ ಪತ್ರವನ್ನು ಬೆಂಗಳೂರಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ನನ್ನ ತಂಗಿಯ ಕುತ್ತಿಗೆಯ ಗಂಟಿನಲ್ಲಿ ಟಿಬಿ ಇದೆಯೆಂದು ಹುಬ್ಬಳ್ಳಿಯ ಖಾಸಗಿ ಲ್ಯಾಬೊಂದು ಬರೆದ ರಿಪೋರ್ಟು ನಮ್ಮ ಕೈಸೇರುವ ಮೊದಲೇ ಅದರ ಫೋಟೊ ನಮ್ಮ ಓಣಿಯ ವಾಟ್ಸ್ಯಾಪ್ ಗುಂಪಿನಲ್ಲಿತ್ತು. ಮೇಲುಗಡೆ ಆಕೆಯ ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ. ಅಂಚಿನಲ್ಲಿ ಕಾಗದ ಹಿಡಿದವರ ಹೆಬ್ಬೆರಳು. ಹಿಂದೆ ಲ್ಯಾಬಿನ ಕೌಂಟರಿನ ಗಾಜು. ಗಂಟಿನ ಟಿಬಿ ಕೆಮ್ಮಿನಿಂದ ಹರಡುವಂಥದ್ದಲ್ಲ, ತಪ್ಪದೆ ಔಷಧ ತೆಗೆದುಕೊಂಡರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ವಾಸಿಯಾಗುತ್ತದೆ. ಆದರೂ ಆಕೆಯ ಬಳಿ ಟ್ಯೂಷನ್ನಿಗೆ ಬರುತ್ತಿದ್ದ ಮಕ್ಕಳನ್ನು ಮನೆಯವರು ಒಬ್ಬೊಬ್ಬರಾಗಿ ಬಿಡಿಸಿದರು. ಟಿಬಿ ರೋಗಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ; ನಿಕ್ಷಯ್ ಪೋರ್ಟಲ್ಲಿಗೆ ಆಕೆಯ ಹೆಸರು ಹೋದದ್ದಕ್ಕೆ ನಮ್ಮ ತಕರಾರಿಲ್ಲ.

ಲ್ಯಾಬಿನವರು, "ಆ ಹುಡುಗ ಕೆಲಸಾ ಬಿಟ್ಟು ಹೋಗ್ಯಾನ್ರಿ, ನಾವೇನ್ ಮಾಡೂಣು?" ಎಂದರು. ಠಾಣೆಯಲ್ಲಿ ಮೊದಲು ಕೇಳಿದ್ದು, "ರೊಕ್ಕ ಏನರ ಹೋಗೇತೇನ್ರಿ?"

ಕಾನೂನಿಗೆ ಬರವಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪಿತ್ತದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ನಂಬಿ ಕೊಟ್ಟ ಮಾಹಿತಿಯನ್ನು ಬಯಲು ಮಾಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪರಿಹಾರ ಬೇಕಾದರೆ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಗಳ ಮುಂದೆ ಹೋಗಬೇಕು, ಅಂದರೆ ಮತ್ತೆ ಬೆಂಗಳೂರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿಯವರೆಗೂ ಇದೆ, ಆದರೆ ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ನೊಂದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಇಷ್ಟೆಲ್ಲ ಬಾಗಿಲುಗಳಿದ್ದರೂ ಒಂದನ್ನು ತಟ್ಟಲೂ ನನ್ನ ತಂಗಿ ಹಿಂಜರಿಯುತ್ತಾಳೆ. ಗುಟ್ಟು ರಟ್ಟಾಯಿತೆಂದು ದೂರಲು ಹೋದವರು ಅದೇ ಗುಟ್ಟನ್ನು ಟಪಾಲಿನ ಗುಮಾಸ್ತರಿಂದ ಹಿಡಿದು ವಿಚಾರಣೆಯ ದಿನ ಕೊಠಡಿಯಲ್ಲಿ ಕುಳಿತವರವರೆಗೆ ಎಲ್ಲರ ಮುಂದೆ ಮತ್ತೆ ಬಿಚ್ಚಬೇಕಾಗುತ್ತದೆ. ಎಚ್‌ಐವಿ ಸೋಂಕಿತರಿಗಾಗಿ 2017ರಲ್ಲಿ ಮಾಡಿದ ಕಾಯ್ದೆಯು ಅವರ ಗುರುತು ಮರೆಮಾಡಿ ವಿಚಾರಣೆ ನಡೆಸಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿದೆ. ಟಿಬಿ ರೋಗಿಗಳಿಗೆ ಅಂಥ ಕಾಯ್ದೆಯಿಲ್ಲ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ರೋಗಿಗಳ ಸನ್ನದು ಸೇರಿತು; ಗೋಪ್ಯತೆ ಅದರಲ್ಲಿದೆ, ಲ್ಯಾಬುಗಳಿಗೂ ಆ ಕಾಯ್ದೆ ಅನ್ವಯಿಸುತ್ತದೆ. ಆದ್ದರಿಂದ ಹೊಸ ಕಾನೂನಿಗೆ ಕಾಯದೆ ತಾವು ಮಾಡಬಹುದಾದದ್ದು ಬಹಳವಿದೆ. ಗೋಪ್ಯತೆಯ ದೂರುಗಳನ್ನು ಮುಚ್ಚಿದ ಲಕೋಟೆಯಲ್ಲಿ ಸ್ವೀಕರಿಸಿ, ಕಡತದ ಮೇಲೆ ಹೆಸರಿನ ಬದಲು ಸಂಖ್ಯೆ ಬರೆಯುವಂತೆ ಒಂದು ಸುತ್ತೋಲೆ ಸಾಕು. ಅದಕ್ಕಿಂತ ತುರ್ತಾದದ್ದು ಸಾಕ್ಷ್ಯ. ಸಿಸಿಟಿವಿಯ ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಣವಾಗುತ್ತ ಹೋಗುತ್ತದೆ, ಮೊಬೈಲಿನಲ್ಲಿ ಫೋಟೊ ಅಳಿಸಲು ಒಂದು ಬೆರಳು ಸಾಕು. ನೋಟಿಸು, ಉತ್ತರ, ಮುಂದಿನ ತಾರೀಕು ಎನ್ನುವಷ್ಟರಲ್ಲಿ ತನಿಖೆಗೆ ಏನೂ ಉಳಿದಿರುವುದಿಲ್ಲ. ದೂರು ಬಂದ ದಿನವೇ ಸಿಸಿಟಿವಿ ದೃಶ್ಯ, ಕಂಪ್ಯೂಟರಿನ ಲಾಗಿನ್ ವಿವರ ಮತ್ತು ಆ ಪಾಳಿಯ ಹಾಜರಿ ಪುಸ್ತಕವನ್ನು ಕಾಯ್ದಿರಿಸುವಂತೆ ಲ್ಯಾಬಿಗೆ ಲಿಖಿತ ಆದೇಶ ಹೋಗಬೇಕು.

ನಮ್ಮ ದೂರು ಮುಚ್ಚಿದ ಲಕೋಟೆಯಲ್ಲಿ ತಮ್ಮ ಕಚೇರಿಗೆ ತಲುಪಿದೆ. ಅದನ್ನು ತಾವೋ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳೋ ಸ್ವತಃ ಒಡೆಯಬೇಕೆಂದು ವಿನಂತಿಸುತ್ತೇನೆ. ನನ್ನ ಹೆಸರು ಹಾಕಿದರೆ ತಂಗಿಯ ಗುರುತು ಹತ್ತುವುದರಿಂದ ಇಲ್ಲಿ ಹಾಕಿಲ್ಲ. ಅದು ಆ ಲಕೋಟೆಯೊಳಗಿದೆ.

ಇಂತಿ ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ನಿವಾಸಿ