‘ಏನೋ ಮಾಡಿರಬೇಕು’ ಅನ್ನಬೇಡ, ಪುಟ್ಟಿ

ಮಾಳಮಡ್ಡಿ, ಧಾರವಾಡ

ಚಿರಂಜೀವಿ ಪುಟ್ಟಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಎರಡು ದಿನದಿಂದ ಜಿಟಿಜಿಟಿ ಮಳೆ ಬಿಟ್ಟಿಲ್ಲ. ಫೋನಿನಲ್ಲಿ ಹೇಳಿದ ಮಾತು ನಿಲ್ಲುವುದಿಲ್ಲ, ಬರೆದದ್ದಾದರೆ ನಿನ್ನ ಹತ್ತಿರ ಉಳಿಯುತ್ತದೆ ಅಂತ ಈ ಪತ್ರ.

ಹೋದ ಭಾನುವಾರ ಊಟಕ್ಕೆ ಕೂತಾಗ ಟಿವಿಯಲ್ಲಿ ಪರದೇಶದ ಜೈಲಿನಲ್ಲಿ ಸಿಕ್ಕಿಬಿದ್ದ ಯಾರದೋ ಸುದ್ದಿ ಬಂತು. ನೀನು ರೊಟ್ಟಿ ಮುರಿಯುತ್ತಾ, ‘ಏನೋ ಮಾಡಿರಬೇಕು ಕಾಕಾ, ಸುಮ್ನೆ ಯಾರು ಹಿಡಿದು ಒಳಗೆ ಹಾಕುತ್ತಾರೆ?’ ಅಂದೆ. ಆಗ ನಾನು ಮಾತಾಡಲಿಲ್ಲ. ಮುಂದಿನ ತಿಂಗಳು ನೀನು ಕೆಲಸಕ್ಕೆ ಅಂತ ಪರದೇಶದ ವಿಮಾನ ಹತ್ತುತ್ತೀಯ, ನಿನ್ನ ಅವ್ವ ಮೊದಲೇ ಹೆದರಿದ್ದಾಳೆ. ಆದರೆ ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ.

ನಜಾನೀನ್ ಝಘಾರಿ ರಾಟ್‌ಕ್ಲಿಫ್ ಅನ್ನುವ ಹೆಣ್ಣುಮಗಳ ಕಥೆ ಕೇಳು. ತವರು ಇರಾನ್, ಸಂಸಾರ ಲಂಡನ್ನಿನಲ್ಲಿ. 2016ರಲ್ಲಿ ಅಲ್ಲಿಯ ಹೊಸ ವರ್ಷದ ಹಬ್ಬಕ್ಕೆ ಮಗಳನ್ನು ಎತ್ತಿಕೊಂಡು ತವರಿಗೆ ಹೋಗಿದ್ದಳು. ಏಪ್ರಿಲ್ 3ರಂದು ವಾಪಸ್ ಹೊರಟಾಗ ಟೆಹ್ರಾನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಮಗುವಿಗೆ ಎರಡು ವರ್ಷ ತುಂಬಿರಲಿಲ್ಲ. ಅದರ ಪಾಸ್‌ಪೋರ್ಟನ್ನೂ ಕಿತ್ತುಕೊಂಡರು. ಕೂಸು ಅಜ್ಜ ಅಜ್ಜಿಯ ಹತ್ತಿರ ಬೆಳೆದು, ಲಂಡನ್ನಿಗೆ ಅಪ್ಪನ ಮನೆ ಸೇರಿದ್ದು 2019ರಲ್ಲಿ. ತಾಯಿ ಸೇರಿದ್ದು 2022ರ ಮಾರ್ಚ್‌ನಲ್ಲಿ. ಸುಮಾರು ಆರು ವರ್ಷ, ಪುಟ್ಟಿ.

ಅವಳು ಮಾಡಿದ್ದಾದರೂ ಏನು? ತವರಿಗೆ ಹೋಗಿದ್ದಳು. ಹಿಂದೆ ಅಲ್ಲಿಯ ದೊರೆ ಶಾ ಆಳುತ್ತಿದ್ದಾಗ ಇರಾನ್ ಟ್ಯಾಂಕ್ ಕೊಳ್ಳಲು ಬ್ರಿಟನ್ನಿಗೆ ಮುಂಗಡ ಹಣ ಕೊಟ್ಟಿತ್ತು. 1979ರಲ್ಲಿ ಕ್ರಾಂತಿಯಾಯಿತು. ಬ್ರಿಟನ್ ಟ್ಯಾಂಕುಗಳನ್ನು ಪೂರ್ತಿ ಕೊಡಲಿಲ್ಲ, ಹಣವನ್ನೂ ಇಟ್ಟುಕೊಂಡಿತು. ಸುಮಾರು 40 ಕೋಟಿ ಪೌಂಡ್ ಬಾಕಿ. ಆ ಬಾಕಿ ತೀರಿಸಿದೆವು ಅಂತ ಬ್ರಿಟನ್ ಹೇಳಿದ ದಿನವೇ ಅವಳು ಇರಾನ್ ಬಿಟ್ಟಳು. ಎರಡಕ್ಕೂ ಸಂಬಂಧವಿಲ್ಲ ಅಂತ ಅಧಿಕಾರದಲ್ಲಿದ್ದವರು ಹೇಳಿಕೊಳ್ಳಲಿ, ನಾನು ನಂಬುವುದಿಲ್ಲ.

ನಾನು ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು. ಸಾಲ ತೀರಿಸದವನ ಮನೆಯ ಕಪಾಟು, ಸ್ಕೂಟರ್ ಜಪ್ತಿಯಾಗುವುದನ್ನು ನೋಡಿದ್ದೇನೆ. ಅದಕ್ಕೂ ಒಂದು ಆರ್ಡರ್ ಬೇಕು, ಪಂಚರು ಬೇಕು, ಸಾಮಾನಿನ ಪಟ್ಟಿ ಬರೆಯಬೇಕು. ಇಲ್ಲಿ ಸಾಲ ಒಂದು ಸರಕಾರದ್ದು. ಜಪ್ತಿಯಾದದ್ದು ಒಬ್ಬ ತಾಯಿ.

ಕೆನಡಾದ ಇಬ್ಬರು ಮೈಕಲ್‌ಗಳದ್ದೂ ಹೀಗೇ. ಚೀನಾದ ಹುವಾವೇ ಕಂಪನಿಯ ದೊಡ್ಡ ಅಧಿಕಾರಿ ಮೆಂಗ್ ವಾನ್‌ಝೌ ಅವರನ್ನು 2018ರ ಡಿಸೆಂಬರ್ 1ರಂದು ಕೆನಡಾ ಬಂಧಿಸಿತು. ಹತ್ತನೇ ದಿನಕ್ಕೆ ಮೈಕಲ್ ಕೋವ್ರಿಗ್, ಮೈಕಲ್ ಸ್ಪೇವರ್ ಚೀನಾದ ಕೈಯಲ್ಲಿದ್ದರು. ಸಾವಿರ ದಿನದ ಮೇಲಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಆಕೆ ಬಿಡುಗಡೆಯಾದ ದಿನವೇ ಇವರನ್ನೂ ಬಿಟ್ಟರು.

ಇಂಥ ಸರಕಾರಗಳು ನೀನು ಏನು ಮಾಡಿದೆ ಅಂತ ನೋಡುವುದೇ ಇಲ್ಲ. ನಿನ್ನನ್ನು ಹಿಡಿದರೆ ಆ ಕಡೆಯಿಂದ ಏನು ಸಿಗುತ್ತದೆ ಅಂತ ನೋಡುತ್ತವೆ. ಅದಕ್ಕೇ, ‘ನಾನು ಸರಿ ಇದ್ದೇನಲ್ಲ’ ಅನ್ನುವ ಒಂದೇ ಧೈರ್ಯದ ಮೇಲೆ ಹೋಗಬೇಡ. ಕೆಲಸ ಬಿಡು ಅಂತ ನಾನು ಹೇಳುವುದಿಲ್ಲ. ಹೋಗು. ಸ್ವಲ್ಪ ತಯಾರಿ ಮಾಡಿಕೊಂಡು ಹೋಗು.

ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡ. ಸಣ್ಣ ಕಾಗದ, ಸುಮ್ನೆ ಒಂದು ಸಹಿ ಅಂದರೂ ಹಾಕಬೇಡ. ಬಿಡುಗಡೆಯ ದಿನ ಕೂಡ ವಿಮಾನ ನಿಲ್ದಾಣದಲ್ಲಿ ತಪ್ಪೊಪ್ಪಿಗೆಗೆ ಸಹಿ ಮಾಡಿಸಿಕೊಂಡರು ಅಂತ ನಜಾನೀನ್ ಆಮೇಲೆ ಹೇಳಿದಳು. ಮಗಳ ಮುಖ ನೋಡಲು ಆರು ವರ್ಷ ಕಾದವಳು, ಅವಳನ್ನು ನಾನು ದೂರುವುದಿಲ್ಲ. ಆದರೆ ಮೊದಲ ದಿನದ ಸಹಿ ಬೇರೆ. ಅದರ ಮೇಲೇ ಇಡೀ ಕೇಸ್ ಕಟ್ಟುತ್ತಾರೆ.

‘ನನ್ನ ರಾಯಭಾರ ಕಚೇರಿಗೆ ತಿಳಿಸಿ’ ಅನ್ನುವ ಒಂದು ವಾಕ್ಯವನ್ನು ಆ ದೇಶದ ಭಾಷೆಯಲ್ಲಿ ಬಾಯಿಪಾಠ ಮಾಡು. ಅದು ನಿನ್ನ ಹಕ್ಕು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ಗೂಢಚಾರ ಅಂತ ಪಾಕಿಸ್ತಾನ ಹಿಡಿದಿಟ್ಟ ನಮ್ಮ ಕುಲಭೂಷಣ್ ಜಾಧವ್ ಕೇಸಿನಲ್ಲಿ ಪಾಕಿಸ್ತಾನ ಅವರಿಗೆ ಈ ಹಕ್ಕು ತಿಳಿಸಲಿಲ್ಲ, ನಮ್ಮ ಅಧಿಕಾರಿಗಳಿಗೆ ಭೇಟಿಗೂ ಬಿಡಲಿಲ್ಲ. ಇದು ಒಪ್ಪಂದದ ಉಲ್ಲಂಘನೆ ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪು ಕೊಟ್ಟಿತು. ಹದಿನಾರು ನ್ಯಾಯಾಧೀಶರಲ್ಲಿ ಹದಿನೈದು ಮಂದಿ ಒಪ್ಪಿದರು. ತೀರ್ಪು ಬಂದರೂ ಜೈಲಿನ ಬಾಗಿಲು ತೆಗೆಯಲಿಲ್ಲ, ಅದು ನನಗೆ ಗೊತ್ತು. ಆದರೂ ಕೇಳಬೇಕು. ಕೇಳಿದ್ದು ದಾಖಲಾಗಬೇಕು.

ಮುಂದೆ ಅಲ್ಲಿಯ ಪೌರತ್ವ ಸಿಗುತ್ತದೆ ಅಂದರೆ ಅವಸರ ಮಾಡಬೇಡ. ಬೇರೆ ದೇಶದ ಪೌರತ್ವ ತೆಗೆದುಕೊಂಡ ದಿನ ನಮ್ಮದು ಹೋಗುತ್ತದೆ. ಹಾಗೆ ಬೇರೆ ದೇಶದವರಾದ ನಮ್ಮವರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವ ಅಲ್ಲ. ಆಮೇಲೆ ಯಾವ ರಾಯಭಾರ ಕಚೇರಿ ನಿನ್ನದು ಅಂತ ಮೊದಲೇ ಯೋಚಿಸು. ನಜಾನೀನ್ ಹತ್ತಿರ ಬ್ರಿಟಿಷ್ ಪೌರತ್ವವೂ ಇತ್ತು, ಇರಾನ್ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಇಷ್ಟು ನಿನಗಾಯಿತು. ಇನ್ನೊಂದು ಮಾತು ಬೇರೆಯವರ ಬಗ್ಗೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

1975ರ ಎಮರ್ಜೆನ್ಸಿಯಲ್ಲಿ ನನಗೆ 19 ವರ್ಷ. ನಮ್ಮ ಓಣಿಯ ಒಬ್ಬ ಮಾಸ್ತರರನ್ನು ಮೀಸಾ ಕಾಯ್ದೆಯಲ್ಲಿ ಹಿಡಿದುಕೊಂಡು ಹೋದರು. ವಿಚಾರಣೆ ಇಲ್ಲ, ಕಾರಣವನ್ನೂ ಹೇಳಲಿಲ್ಲ. ಓಣಿ ಆಡಿದ್ದು ನೀನು ಆಡಿದ ಮಾತನ್ನೇ: ಏನೋ ಮಾಡಿರಬೇಕು. ಅವರ ಹೆಂಡತಿ ಕೊಡ ಹಿಡಿದು ಬಂದರೆ ನಳದ ಹತ್ತಿರ ಎಲ್ಲರ ಮಾತು ನಿಲ್ಲುತ್ತಿತ್ತು. ನಾನು ಆ ಮಾಸ್ತರರ ಹತ್ತಿರ ಲೆಕ್ಕ ಕಲಿತವನು. ಅವರ ಮನೆ ಮುಂದೆ ಹಾಯಬಾರದು ಅಂತ ಹಿಂದಿನ ಓಣಿಯಿಂದ ಕಾಲೇಜಿಗೆ ಹೋಗುತ್ತಿದ್ದೆ. 1977ರಲ್ಲಿ ಅವರು ಬಿಡುಗಡೆಯಾಗಿ ಬಂದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ‘ಬಾ, ಚಹಾ ಕುಡಿ’ ಅಂದರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ, ಪುಟ್ಟಿ.

ನಜಾನೀನ್ ಗಂಡ ರಿಚರ್ಡ್ 2021ರಲ್ಲಿ ಲಂಡನ್ನಿನ ವಿದೇಶಾಂಗ ಕಚೇರಿಯ ಮುಂದೆ, ಚಳಿಯಲ್ಲಿ, 21 ದಿನ ಉಪವಾಸ ಕೂತ. ಒಳಗಿದ್ದವರಿಗೆ ಬೇಕಾದದ್ದು ಹೊರಗೆ ಹೀಗೆ ಸುಮ್ಮನಾಗದ ಒಬ್ಬರು. ನಿನಗೆ ಹಾಗೆ ನಾನಿದ್ದೇನೆ. ನಾಳೆ ನಿನ್ನ ಆಫೀಸಿನ ಯಾರನ್ನೋ ಹಿಡಿದರೆ, ನೀನು ಓಣಿ ಬದಲಿಸಬೇಡ. ಅವರ ಮನೆಯವರಿಗೆ ಫೋನ್ ಮಾಡು. ನಮ್ಮ ದೇಶದವರಾದರೆ ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ದೂರು ಕೊಡಲು ಅವರಿಗೆ ಸಹಾಯ ಮಾಡು.

ಗುರುವಾರ ಮನೆಗೆ ಬಾ. ಪಾಸ್‌ಪೋರ್ಟ್, ವೀಸಾ, ಕೆಲಸದ ಆರ್ಡರ್, ಮೂರರದ್ದೂ ಝೆರಾಕ್ಸ್ ತಾ. ಅಲ್ಲಿಯ ರಾಯಭಾರ ಕಚೇರಿಯ ನಂಬರ್ ಒಂದು ಚೀಟಿಯಲ್ಲಿ ಬರೆದು ತಾ, ಫೋನಿನಲ್ಲಿದ್ದರೆ ಸಾಲದು. ನನ್ನ ಟ್ರಂಕಿನಲ್ಲಿ, ಮನೆಯ ಕಾಗದಪತ್ರದ ಜೊತೆಗೆ ಇಡುತ್ತೇನೆ. ಅವ್ವನಿಗೆ ಈ ಪತ್ರ ತೋರಿಸಬೇಡ.

ನಿನ್ನ ಕಾಕಾ