ಗಣಿ ಬಿಟ್ಟವರಿಗೆ ಒಂದು ದಿನದ ಶಿಬಿರ ಸಾಲದು

ಸಂಪಾದಕರಿಗೆ,

ಕೋಲಾರದ ಚಿನ್ನದ ಗಣಿ ಬಾಗಿಲು ಹಾಕಿದ್ದು 2001ರ ಫೆಬ್ರುವರಿ 28ರಂದು. ಆಗ ಮೂವತ್ತೈದರ ಆಸುಪಾಸಿನಲ್ಲಿ ಸುರಂಗಕ್ಕೆ ಇಳಿಯುತ್ತಿದ್ದವರಿಗೆ ಈಗ ಅರವತ್ತು. ಸಿಲಿಕಾ ದೂಳು, ಅಂದರೆ ಕಲ್ಲಿನ ನುಣ್ಣನೆ ದೂಳು, ಕುಡಿದ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಎಂಬ, ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಹಿಡಿಯುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ದೂಳಿನ ಕೆಲಸ ಬಿಟ್ಟ ಮಾತ್ರಕ್ಕೆ ಅದು ನಿಲ್ಲುವುದೂ ಇಲ್ಲ. ಹಾಗಾಗಿ ಗಣಿ ಮುಚ್ಚಿದ ವರ್ಷ ಎಕ್ಸ್‌-ರೇ ಸರಿಯಿತ್ತು ಎಂಬ ಮಾತಿಗೆ ಇವತ್ತು ಬೆಲೆಯಿಲ್ಲ. ಈ ಊರಿಗೆ ಇದು ಹೊಸ ಸುದ್ದಿಯೂ ಅಲ್ಲ. 1940ರ ದಶಕದಲ್ಲೇ ಇಲ್ಲಿನ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು.

ಗಣಿಯಲ್ಲಿ ಕೆಲಸ ಇರುವಷ್ಟು ದಿನ ಗಣಿ ನಿಯಮಗಳ ಪ್ರಕಾರ ಐದು ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಇತ್ತು. ಕೆಲಸ ಹೋದ ದಿನವೇ ಅದೂ ಹೋಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ವಾರ್ಷಿಕ ಉಚಿತ ತಪಾಸಣೆಯ ಹೊಣೆ ಮಾಲೀಕರ ಮೇಲಿರುವುದು ಹಾಲಿ ನೌಕರರ ಮಟ್ಟಿಗೆ ಮಾತ್ರ. ರೋಗ ಬರುವುದು ನಿವೃತ್ತರಿಗೆ, ತಪಾಸಣೆ ನಡೆಯುವುದು ಕೆಲಸದಲ್ಲಿರುವವರಿಗೆ! ಈ ಮಾತು ಕೆಜಿಎಫ್‌ಗಷ್ಟೇ ಸೇರಿದ್ದಲ್ಲ. ಚಿಕ್ಕಬಳ್ಳಾಪುರದ ಕ್ರಷರ್‌ಗಳು, ಇಳಕಲ್‌ನ ಕಲ್ಲು ಕ್ವಾರಿಗಳು, ಜಿಗಣಿಯ ಗ್ರಾನೈಟ್ ಪಾಲಿಷ್ ಘಟಕಗಳು, ಬೆಳಗಾವಿಯ ಫೌಂಡ್ರಿಗಳನ್ನು ಬಿಟ್ಟು ಬಂದವರ ಪಾಡೂ ಇದೇ.

ಇದಕ್ಕೆ ಉತ್ತರವೆಂದು ಆಗಾಗ ಉಚಿತ ಆರೋಗ್ಯ ಶಿಬಿರಗಳು ನಡೆಯುತ್ತವೆ. ಬಿಪಿ, ಸಕ್ಕರೆ, ಇಸಿಜಿ ನೋಡಿ, ಒಂದು ಪಟ್ಟಿ ಮಾತ್ರೆ ಕೊಟ್ಟು, ಬ್ಯಾನರ್ ಮುಂದೆ ಫೋಟೊ ತೆಗೆಸಿಕೊಂಡರೆ ಮುಗಿಯಿತು. ಚೀಟಿಯಲ್ಲಿ ಉದ್ಯೋಗದ ಜಾಗದಲ್ಲಿ ‘ಕೂಲಿ’ ಎಂದು ಬರೆದಿರುತ್ತಾರೆ. ದೂಳಿನ ಕಾಯಿಲೆಯ ಮಟ್ಟಿಗೆ ಆ ಶಿಬಿರ ನಡೆದೇ ಇಲ್ಲ ಎಂದೇ ಲೆಕ್ಕ.

ಯಾಕೆಂದರೆ ಸಿಲಿಕೋಸಿಸ್ ಪತ್ತೆಯಲ್ಲಿ ಮೊದಲ ಪರೀಕ್ಷೆ ಎಕ್ಸ್‌-ರೇ ಅಲ್ಲ, ಕೆಲಸದ ಚರಿತ್ರೆ. ಯಾವ ಶಾಫ್ಟ್, ಎಷ್ಟು ವರ್ಷ, ಡ್ರಿಲ್ಲಿಂಗೋ ಟ್ರಾಲಿ ತಳ್ಳುವುದೋ ಮರದ ಆಧಾರ ಕಟ್ಟುವುದೋ, ನೀರು ಬಿಟ್ಟು ಕೊರೆದದ್ದೋ ಒಣದಾಗಿ ಕೊರೆದದ್ದೋ, ಸಿಡಿಮದ್ದು ಹಾರಿಸಿದ ಎಷ್ಟು ಹೊತ್ತಿಗೆ ಮತ್ತೆ ಒಳಗೆ ಹೋಗುತ್ತಿದ್ದರು, ಇವೆಲ್ಲ ಬೇಕು. ಕ್ರಷರ್‌ನವರಾದರೆ ಯಂತ್ರದ ದವಡೆಗೆ ಕಲ್ಲು ಸುರಿಯುತ್ತಿದ್ದರೋ, ಜರಡಿಯ ಬಳಿ ನಿಲ್ಲುತ್ತಿದ್ದರೋ, ಲಾರಿ ಓಡಿಸುತ್ತಿದ್ದರೋ ಕೇಳಬೇಕು. ಗ್ರಾನೈಟ್‌ನವರಾದರೆ ನೀರು ಹರಿಯುವ ಗರಗಸವೋ, ಕೈಯಲ್ಲಿ ಹಿಡಿಯುವ ಒಣ ಗ್ರೈಂಡರೋ ಎಂಬುದು ದೊಡ್ಡ ವ್ಯತ್ಯಾಸ. ಗಣಿ ಬಿಟ್ಟ ಮೇಲೆ ಮಾಡಿದ ಕೆಲಸವನ್ನೂ ಬಿಡುವಂತಿಲ್ಲ. ಟೈಲ್ಸ್ ಕತ್ತರಿಸುವುದು, ಮರಳು ಹಾಯಿಸಿ ಕಬ್ಬಿಣ ಉಜ್ಜುವುದು ಹೊಸ ದೂಳನ್ನೇ ಸೇರಿಸಿರುತ್ತವೆ. ಇದಕ್ಕೆ ಒಬ್ಬರಿಗೆ ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಕೆಜಿಎಫ್‌ನಲ್ಲಾದರೆ ಕೇಳುವವರಿಗೆ ತಮಿಳು, ತೆಲುಗು ಬರಬೇಕು. ಇಂಗ್ಲಿಷ್ ನಮೂನೆ ಹಿಡಿದು ಕೂತರೆ ‘ಮೈನ್ಸ್’ ಎಂಬ ಒಂದೇ ಪದದಲ್ಲಿ ಮೂವತ್ತು ವರ್ಷದ ಚರಿತ್ರೆ ಮುಗಿದುಹೋಗುತ್ತದೆ.

ಆಮೇಲೆ ಎಕ್ಸ್‌-ರೇ. ಇಲ್ಲಿ ಕೆಡುವಷ್ಟು ಮತ್ತೆಲ್ಲೂ ಕೆಡುವುದಿಲ್ಲ. ಎದೆಯನ್ನು ಫಲಕಕ್ಕೆ ಒತ್ತಿ, ಹೆಗಲ ಮೂಳೆಗಳು ಶ್ವಾಸಕೋಶದ ಮೇಲೆ ಬೀಳದಂತೆ ಮೊಣಕೈ ಮುಂದಕ್ಕೆ ತಂದು, ಪೂರ್ತಿ ಉಸಿರು ಎಳೆದು ಹಿಡಿದಾಗ ತೆಗೆಯಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ರಕ್ತನಾಳಗಳು ಒತ್ತಾಗಿ ಕೆಳಭಾಗವೆಲ್ಲ ಚುಕ್ಕಿಚುಕ್ಕಿಯಾಗಿ ಕಂಡು, ಇಲ್ಲದ ರೋಗ ಇದ್ದಂತೆ ತೋರುತ್ತದೆ. ಕಿರಣ ಹೆಚ್ಚಾಗಿ ಚಿತ್ರ ಕಪ್ಪಾದರೆ ಒಂದೂವರೆ ಮಿಲಿಮೀಟರಿಗಿಂತ ಸಣ್ಣ ಚುಕ್ಕಿಗಳು ಮಾಯವಾಗಿ, ಇರುವ ರೋಗ ಮುಚ್ಚಿಹೋಗುತ್ತದೆ. ಡಿಜಿಟಲ್ ಚಿತ್ರವನ್ನು ಸಣ್ಣ ಫಿಲ್ಮಿಗೆ ಇಳಿಸಿ ಮುದ್ರಿಸುವುದು, ಕಾಗದದ ಮೇಲೆ ಪ್ರಿಂಟ್ ಕೊಡುವುದು, ಮೊಬೈಲ್‌ನಲ್ಲಿ ಫೋಟೊ ಹೊಡೆದು ವಾಟ್ಸ್‌ಆ್ಯಪ್‌ನಲ್ಲಿ ತಜ್ಞರಿಗೆ ಕಳಿಸುವುದು, ಮೂರೂ ಈ ಕೆಲಸಕ್ಕೆ ಬರುವುದಿಲ್ಲ. ಯಂತ್ರ ಕೊಡುವ ಮೂಲ ಡಿಜಿಟಲ್ ಕಡತವನ್ನೇ (ಡೈಕಾಮ್) ಉಳಿಸಿ, ಅದನ್ನೇ ಓದಬೇಕು.

ಓದುವುದಕ್ಕೂ ಕ್ರಮವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ಕೊಟ್ಟಿರುವ ಮಾದರಿ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ರೋಗಿಯ ಚಿತ್ರವನ್ನು ಹೋಲಿಸುತ್ತಾರೆ. ಚುಕ್ಕಿಗಳ ದಟ್ಟಣೆಗೆ 0ಯಿಂದ 3ರವರೆಗೆ ನಾಲ್ಕು ದರ್ಜೆ, ಅವುಗಳೊಳಗೆ ಒಟ್ಟು 12 ಮೆಟ್ಟಿಲು. 1/0 ಎಂದು ಬರೆದರೆ, ‘ಒಂದನೇ ದರ್ಜೆ ಎನ್ನುತ್ತೇನೆ, ಆದರೆ ಸೊನ್ನೆ ಇರಬಹುದೇ ಎಂದೂ ಗಂಭೀರವಾಗಿ ಯೋಚಿಸಿದೆ’ ಎಂದು ಅರ್ಥ. ಪರಿಹಾರದ ಕಡತ ಬದುಕುವುದೂ ಸಾಯುವುದೂ ಈ ಮೆಟ್ಟಿಲಿನ ಮೇಲೆಯೇ. ಆದ್ದರಿಂದ ಇಬ್ಬರು ಓದುಗರು, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ ಓದಿ, ಹೊಂದದಿದ್ದರೆ ಮೂರನೆಯವರಿಗೆ ಹೋಗಬೇಕು. ‘ಎರಡೂ ಶ್ವಾಸಕೋಶಗಳಲ್ಲಿ ಹಳೆಯ ಸೋಂಕಿನ ಗುರುತು’ ಎಂಬ ಒಂದು ಸಾಲಿನ ವರದಿ ರೋಗ ದೃಢಪಡಿಸುವ ಯಾವ ವೈದ್ಯಕೀಯ ಮಂಡಳಿಯ ಮುಂದೆಯೂ ನಿಲ್ಲುವುದಿಲ್ಲ.

ಈಗ ಟಿಬಿ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಯಂತ್ರಗಳೂ ಚಿತ್ರ ಓದುವ ಸಾಫ್ಟ್‌ವೇರ್‌ಗಳೂ ಹಳ್ಳಿ ಹಳ್ಳಿಗೆ ಬಂದಿವೆ. ಒಳ್ಳೆಯದೇ. ಆದರೆ ಟಿಬಿ ಹುಡುಕಲು ಕಲಿಸಿದ ಯಂತ್ರ ಟಿಬಿಯನ್ನೇ ಹುಡುಕುತ್ತದೆ. ಸಿಲಿಕೋಸಿಸ್ ಕೂಡ ಮೊದಲು ಶ್ವಾಸಕೋಶದ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳುವುದರಿಂದ ಯಂತ್ರ ‘ಶಂಕಿತ ಟಿಬಿ’ ಎನ್ನುತ್ತದೆ, ಕಫ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಅಲ್ಲಿಗೆ ಕಡತ ಮುಚ್ಚುತ್ತದೆ. ಅಥವಾ ಕಫದಲ್ಲಿ ಏನೂ ಇಲ್ಲದಿದ್ದರೂ ಆರು ತಿಂಗಳ ಟಿಬಿ ಮಾತ್ರೆ ಶುರುವಾಗುತ್ತದೆ, ಮುಗಿದ ಮೇಲೂ ದಮ್ಮು ಇಳಿಯದೆ ಎರಡನೇ ಸುತ್ತು ಬರುತ್ತದೆ. ಕಫದಲ್ಲಿ ಟಿಬಿ ಇಲ್ಲ, ಚಿತ್ರದಲ್ಲಿ ಚುಕ್ಕಿಗಳಿವೆ ಎಂದಾದರೆ ಆ ವ್ಯಕ್ತಿಯನ್ನು ನೇರವಾಗಿ ಔದ್ಯೋಗಿಕ ರೋಗಗಳ ವಿಭಾಗಕ್ಕೆ ಕಳಿಸಬೇಕೆಂಬ ಒಂದು ಸಾಲಿನ ಸುತ್ತೋಲೆ ಹೊರಡಿಸಲು ದುಡ್ಡು ಬೇಕಿಲ್ಲ. ತದ್ವಿರುದ್ಧವಾದ ತಪ್ಪೂ ಆಗಬಾರದು. ಸಿಲಿಕೋಸಿಸ್ ಇರುವವರಿಗೆ ಟಿಬಿ ತಗಲುವ ಅಪಾಯ ಉಳಿದವರಿಗಿಂತ ಹಲವು ಪಟ್ಟು. ಎರಡೂ ಒಟ್ಟಿಗೇ ಇರುವುದು ಅಪರೂಪವಲ್ಲ.

ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ, ಕಫದಲ್ಲಿ ಟಿಬಿ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಮಾಡಬೇಕಾದದ್ದು. ಬೆಳಿಗ್ಗೆ ಮೂರು ಲೀಟರ್ ಸಿರಿಂಜಿನಿಂದ ಯಂತ್ರವನ್ನು ಪರೀಕ್ಷಿಸಿದಾಗ ಅಂಕಿ 2.91ರಿಂದ 3.09 ಲೀಟರ್ ಒಳಗೆ ಬರಬೇಕು. ಇಲ್ಲದಿದ್ದರೆ ಆ ದಿನದ ಫಲಿತಾಂಶ ಅಷ್ಟಕ್ಕಷ್ಟೆ. ಎತ್ತರವನ್ನು ಕೇಳಿ ಬರೆದುಕೊಳ್ಳದೆ ಅಳೆಯಬೇಕು, ಹೋಲಿಕೆಯ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಮೂಗಿಗೆ ಕ್ಲಿಪ್ ಹಾಕಿ, ಸರಿಯಾದ ಮೂರು ಊದು ಸಿಗಬೇಕು. ಅವುಗಳಲ್ಲಿ ಅತ್ಯುತ್ತಮ ಎರಡರ ನಡುವಿನ ವ್ಯತ್ಯಾಸ 150 ಮಿಲಿಲೀಟರ್ ಮೀರಬಾರದು. ಎಂಟು ಸಲಕ್ಕೂ ಬರದಿದ್ದರೆ ಅಂದಿಗೆ ಬಿಡಬೇಕು. ಶಿಬಿರದ ಸರದಿಯಲ್ಲಿ ಒಂದೇ ಸಲ ಊದಿಸಿ ‘ನಾರ್ಮಲ್’ ಎಂದು ಮೊಹರು ಒತ್ತುವುದನ್ನು ನಿಲ್ಲಿಸಬೇಕು. ಇನ್ನೊಂದು ಮಾತು: ಊದುವ ಪರೀಕ್ಷೆ ಸರಿ ಇದ್ದ ಮಾತ್ರಕ್ಕೆ ಸಿಲಿಕೋಸಿಸ್ ಇಲ್ಲ ಎನ್ನಲಾಗದು. ಆರಂಭದ ಹಂತದಲ್ಲಿ ಉಸಿರಿನ ಅಳತೆ ಸರಿಯಾಗಿಯೇ ಇರಬಹುದು.

ಇದರ ಜೊತೆಗೆ ಬೆರಳ ತುದಿಯಲ್ಲಿ ಆಮ್ಲಜನಕದ ಪ್ರಮಾಣ, ಆರು ನಿಮಿಷದ ನಡಿಗೆ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಬೇಕು, ಸಿಲಿಕಾ ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ. ಡ್ರಿಲ್ ಹಿಡಿದವರಿಗೆ ಶ್ರವಣ ಪರೀಕ್ಷೆಯೂ ಬೇಕು. ಗದ್ದಲದ ಹೊಡೆತ ಮೊದಲು 4,000 ಹರ್ಟ್ಸ್ ಸುತ್ತಮುತ್ತ ಬೀಳುವುದರಿಂದ, ಎದುರು ಕೂತು ಮಾತನಾಡಿಸಿ ‘ಕೇಳಿಸುತ್ತದೆ’ ಎಂದು ಬರೆದುಕೊಂಡರೆ ಏನೂ ಗೊತ್ತಾಗುವುದಿಲ್ಲ.

ಸಿಲಿಕೋಸಿಸ್ ವಾಸಿ ಮಾಡುವ ಔಷಧವೇ ಇಲ್ಲವಲ್ಲ, ಪತ್ತೆ ಮಾಡಿ ಏನು ಪ್ರಯೋಜನ ಎಂದು ಕೇಳುವ ಅಧಿಕಾರಿಗಳಿದ್ದಾರೆ. ಪ್ರಯೋಜನ ಇದೆ. ಟಿಬಿಯನ್ನು ಬೇಗ ಹಿಡಿಯಬಹುದು, ಒಳಗೆ ಅಡಗಿದ ಟಿಬಿ ಸೋಂಕಿಗೆ ಮುಂಚಿತವಾಗಿಯೇ ಚಿಕಿತ್ಸೆ ಕೊಡಬಹುದು. ಸಿಲಿಕೋಸಿಸ್ ಇರುವವರಲ್ಲಿ ಇದನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಬಹುದು, ಬೀಡಿ ಬಿಡಿಸಬಹುದು, ಬೇಕಾದವರಿಗೆ ಮನೆಯಲ್ಲೇ ಆಮ್ಲಜನಕ ಒದಗಿಸಬಹುದು. ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣ ಎಂದು 1997ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ, ಆದ್ದರಿಂದ ಕಣ್ಣಿಡಬೇಕಾದದ್ದು ಬರೀ ದಮ್ಮಿನ ಮೇಲಲ್ಲ. ಇನ್ನು, ರೋಗದ ಹೆಸರು ಕಾಗದದ ಮೇಲೆ ಬಂದರಷ್ಟೇ ಪರಿಹಾರದ ಮಾತು.

ಪರಿಹಾರದ ದಾರಿಯಲ್ಲಿ ದೊಡ್ಡ ಹಳ್ಳವೊಂದಿದೆ. 2025ರ ನವೆಂಬರ್‌ನಲ್ಲಿ ಸಂಹಿತೆಗಳು ಬರುವವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಸಿಲಿಕೋಸಿಸ್ ಪರಿಹಾರಾರ್ಹ ರೋಗಗಳ ಪಟ್ಟಿಯಲ್ಲಿತ್ತು. ಆದರೆ ಕೆಲಸ ಬಿಟ್ಟವರ ಬಗ್ಗೆ ಅದರ 10ನೇ ಸೆಕ್ಷನ್ ಹೇಳುತ್ತಿದ್ದುದು, ಕೆಲಸ ಬಿಟ್ಟ ಎರಡು ವರ್ಷದೊಳಗೆ ರೋಗಲಕ್ಷಣ ಕಾಣಿಸಿಕೊಂಡರೆ ಎಂದು. ಇಪ್ಪತ್ತು ವರ್ಷಕ್ಕೆ ತಲೆ ಎತ್ತುವ ರೋಗಕ್ಕೆ ಎರಡು ವರ್ಷದ ಗಡುವು! ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಅರ್ಜಿ ಸ್ವೀಕರಿಸುವ ಅಧಿಕಾರ ಆಯುಕ್ತರಿಗಿತ್ತು, ನಿಜ. ಆದರೆ ಆ ಕಾರಣ ತೋರಿಸಲು ರೋಗ ಯಾವಾಗ ಪತ್ತೆಯಾಯಿತು ಎಂಬುದಕ್ಕೆ ದಾಖಲೆ ಬೇಕು. ಶಿಬಿರದ ಚೀಟಿ ಅಂಥ ದಾಖಲೆ ಆಗುವುದಿಲ್ಲ.

ಕಲ್ನಾರು (ಆಸ್ಬೆಸ್ಟಾಸ್) ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲೇ ದಾರಿ ತೋರಿಸಿದೆ. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತದೋ ಅಲ್ಲಿಯವರೆಗೆ ಕಾಪಾಡಬೇಕು ಎಂದಿತು. ಸಿಲಿಕಾ ದೂಳಿಗೂ ಇದನ್ನೇ ಅನ್ವಯಿಸಬೇಕು. ಕಂಪನಿಯೇ ಮುಚ್ಚಿದಾಗ ದಾಖಲೆ ಕಾಪಾಡುವವರು ಯಾರು ಎಂಬುದನ್ನೂ ಕಾನೂನಿನಲ್ಲಿ ಬರೆಯಬೇಕು. ಕೋಲಾರದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಕೇಂದ್ರ ಗಣಿ ಸಚಿವಾಲಯದ ಕೈಕೆಳಗಿನ ಕಂಪನಿ. ಅದರ ಆಸ್ಪತ್ರೆಯ ಎಕ್ಸ್‌-ರೇಗಳು, ಸೇವಾ ಪುಸ್ತಕಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಸಚಿವಾಲಯ ಬಹಿರಂಗವಾಗಿ ಹೇಳಲಿ. ಹಾಳಾಗದೆ ಉಳಿದಿರುವವನ್ನು ಸ್ಕ್ಯಾನ್ ಮಾಡಿಸಿ ಬೆಂಗಳೂರಿನ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಲಿ.

ಕ್ವಾರಿ, ಕ್ರಷರ್‌ಗಳವರಿಗೆ ಇಷ್ಟು ದಾಖಲೆಯೂ ಇರುವುದಿಲ್ಲ. ಮೇಸ್ತ್ರಿಯ ನೋಟ್‌ಬುಕ್ಕೇ ಹಾಜರಿ ಪುಸ್ತಕ. ಗಂಡ ಹೆಂಡತಿ ಜೋಡಿಯಾಗಿ ಕಲ್ಲು ಒಡೆದರೂ ಲೆಕ್ಕ ಗಂಡನ ಹೆಸರಿನಲ್ಲಿ. ಆದ್ದರಿಂದ ಪುರಾವೆಯ ನಿಯಮ ಸಡಿಲವಾಗಿರಬೇಕು. ಪಿಎಫ್ ಪಾಸ್‌ಬುಕ್, ಸಂಘದ ಚಂದಾ ರಸೀದಿ, ಗೇಟ್ ಪಾಸ್, ತಂದೆಯ ಉದ್ಯೋಗ ಬರೆದಿರುವ ಮಕ್ಕಳ ಶಾಲಾ ದಾಖಲೆ, ಜೊತೆಗೆ ದುಡಿದ ಇಬ್ಬರ ಹೇಳಿಕೆ, ಇವುಗಳಲ್ಲಿ ಯಾವುದಿದ್ದರೂ ತಪಾಸಣೆಗೆ ಸಾಕೆನ್ನಬೇಕು. ದುರುಪಯೋಗದ ಭಯ ಸುಳ್ಳಲ್ಲ, ಆದರೆ ಅದನ್ನು ತಡೆಯುವ ಜಾಗ ಎಕ್ಸ್‌-ರೇ ಕೋಣೆ. ಆಧಾರ್ ಗುರುತು ನೋಡಿ ಅಲ್ಲೇ ಚಿತ್ರ ತೆಗೆದರೆ ಒಬ್ಬರ ಎದೆಯ ಚಿತ್ರ ಇನ್ನೊಬ್ಬರ ಹೆಸರಿಗೆ ಬರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ರಾಜಸ್ಥಾನ 2019ರಲ್ಲಿ ದೂಳಿನ ಶ್ವಾಸಕೋಶ ರೋಗಗಳಿಗೆಂದೇ ನೀತಿ ತಂದಿತು. ರೋಗ ಇದೆಯೆಂಬ ಪ್ರಮಾಣಪತ್ರ ಸಿಕ್ಕವರಿಗೆ 3 ಲಕ್ಷ ರೂಪಾಯಿ, ಮೃತಪಟ್ಟರೆ ಕುಟುಂಬಕ್ಕೆ 2 ಲಕ್ಷ, ಜೊತೆಗೆ ಮಾಸಿಕ ಪಿಂಚಣಿ. ಹರಿಯಾಣ 2017ರಲ್ಲೇ ಪುನರ್ವಸತಿ ನೀತಿ ಮಾಡಿತ್ತು. ಅಮೆರಿಕದ ಇಂಧನ ಇಲಾಖೆ ತನ್ನ ಅಣ್ವಸ್ತ್ರ ಸ್ಥಾವರಗಳ ಮಾಜಿ ಕಾರ್ಮಿಕರನ್ನು ಉಚಿತವಾಗಿ ತಪಾಸಣೆ ಮಾಡಿ, ಮೂರು ವರ್ಷಕ್ಕೊಮ್ಮೆ ಮತ್ತೆ ಕರೆಯುತ್ತದೆ. ಆ ‘ಮತ್ತೆ ಕರೆಯುವುದು’ ನಮ್ಮಲ್ಲಿ ಬರಬೇಕು. ಕೋಲಾರ ಜಿಲ್ಲೆಯಲ್ಲಿ ಒಂದು ಕಾಯಂ ಹೊರರೋಗಿ ವಿಭಾಗ, ವಾರಕ್ಕೊಂದು ಗೊತ್ತಾದ ದಿನ, ಹೆಸರು ಅಳಿಯದ ಒಂದು ರಿಜಿಸ್ಟರ್ ಇದ್ದರೆ ಸಾಕು, ಶುರುಮಾಡಬಹುದು. ಆ ದಿನ ಭಾನುವಾರವಾದರೆ ಒಳ್ಳೆಯದು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗುವ ಹಳೆಯ ಗಣಿಯವರು ಬುಧವಾರದ ಶಿಬಿರಕ್ಕೆ ಬರಲಾರರು, ಒಂದು ದಿನದ ಸಂಬಳ ಹೋಗುತ್ತದೆ.

ಜನರನ್ನು ಹುಡುಕಲು ಹೊಸ ಸಮೀಕ್ಷೆಯೂ ಬೇಡ. ಮನೆ ಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯ ನಮೂನೆಗೆ ಒಂದೇ ಪ್ರಶ್ನೆ ಸೇರಿಸಲಿ: ‘ಗಣಿ, ಕ್ವಾರಿ, ಕ್ರಷರ್, ಫೌಂಡ್ರಿ, ಕಲ್ನಾರು ಕಾರ್ಖಾನೆಯಲ್ಲಿ ಎಂದಾದರೂ ಒಂದು ವರ್ಷಕ್ಕಿಂತ ಹೆಚ್ಚು ದುಡಿದಿದ್ದೀರಾ?’ ಹೌದು ಎಂದವರ ಪಟ್ಟಿ ನೇರ ಆ ವಿಭಾಗಕ್ಕೆ ಹೋಗಲಿ. ಹಣಕ್ಕೆ, ಗಣಿ ಗುತ್ತಿಗೆದಾರರು ಕಟ್ಟುವ ಹಣದಿಂದಾದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಇದೆ, ಆರೋಗ್ಯ ಅದರ ಆದ್ಯತೆಯ ಬಾಬತ್ತು. ಬಳ್ಳಾರಿಯಂಥ ಕಡೆ ನಿಧಿ ದೊಡ್ಡದು, ಗಣಿ ಮುಚ್ಚಿದ ಕಡೆ ಚಿಕ್ಕದು. ಕೊರತೆಯನ್ನು ರಾಜ್ಯವೇ ತುಂಬಬೇಕಾಗುತ್ತದೆ. ಕಟ್ಟಡಗಳಿಗೇ ಹಣ ಸುರಿಯುವ ಚಾಳಿಗೆ ಇಲ್ಲಿ ಕಡಿವಾಣ ಬೇಕು. ಈ ಕೆಲಸಕ್ಕೆ ಬೇಕಾದದ್ದು ತರಬೇತಾದ ಎಕ್ಸ್‌-ರೇ ತಂತ್ರಜ್ಞರು ಮತ್ತು ಐಎಲ್‌ಒ ಕ್ರಮದಲ್ಲಿ ಓದಬಲ್ಲ ನಾಲ್ಕಾರು ವೈದ್ಯರು.

ಇಷ್ಟೆಲ್ಲ ಆಗುವವರೆಗೆ ಮಾಜಿ ಕಾರ್ಮಿಕರು ಮಾಡಬಹುದಾದದ್ದು ಸ್ವಲ್ಪ ಇದೆ. ಹಳೆಯ ಎಕ್ಸ್‌-ರೇಗಳನ್ನು ಎಸೆಯಬೇಡಿ. ಹತ್ತು ವರ್ಷದ ಹಿಂದಿನ ಫಿಲ್ಮಿನ ಪಕ್ಕದಲ್ಲಿಟ್ಟು ನೋಡಿದಾಗ ಹೊಸ ಚಿತ್ರದ ಅರ್ಥವೇ ಬದಲಾಗುತ್ತದೆ. ಎಲ್ಲೆಲ್ಲಿ, ಯಾವ ಇಸವಿಯಿಂದ ಯಾವ ಇಸವಿವರೆಗೆ, ಯಾವ ಕೆಲಸ ಎಂದು ಒಂದು ಹಾಳೆಯಲ್ಲಿ ಬರೆಸಿ ಅದರ ಜೊತೆಗಿಡಿ. ಇಎಸ್‌ಐ ವ್ಯಾಪ್ತಿಯ ಕಾರ್ಖಾನೆಯಲ್ಲಿ ಐದು ವರ್ಷವಾದರೂ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಗಣಿಯವರಿಗೆ ಇದು ಅನ್ವಯಿಸದು, ಫೌಂಡ್ರಿ ಮತ್ತು ಗ್ರಾನೈಟ್ ಘಟಕದವರು ವಿಚಾರಿಸಿ ನೋಡಿ. ಯಾವ ಆಸ್ಪತ್ರೆಗೆ ಹೋದರೂ ವೈದ್ಯರು ಕೇಳಲಿ ಬಿಡಲಿ, ‘ಇಷ್ಟು ವರ್ಷ ಕಲ್ಲಿನ ದೂಳಿನಲ್ಲಿದ್ದೆ’ ಎಂದು ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಂಡೇ ಹೊರಗೆ ಬನ್ನಿ.

– ಔದ್ಯೋಗಿಕ ಆರೋಗ್ಯ ಕ್ಷೇತ್ರದ ವೈದ್ಯರು ಮತ್ತು ತಂತ್ರಜ್ಞರು, ಕೋಲಾರ